ಮಾವನವರದು ಜಾಣ ಕಿವುಡಲ್ಲ

ಪ್ರಶ್ನೆ: ನಮ್ಮದು ಹಾಸನ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮ ಮಾವನವರಿಗೆ 72 ವರ್ಷ, ಮೇಷ್ಟ್ರಾಗಿ ನಿವೃತ್ತರಾದವರು. ಎರಡು ಮೂರು ವರ್ಷದಿಂದ ಅವರ ಸ್ವಭಾವವೇ ಬದಲಾಗಿದೆ. ನಾವು ಕೇಳಿದ್ದೊಂದಾದರೆ ಅವರು ಹೇಳುವುದೇ ಇನ್ನೊಂದು. ಮೆಲ್ಲಗೆ ಮಾತಾಡಿದರೆ ಕೇಳುವುದಿಲ್ಲ, ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯಾ" ಎಂದು ರೇಗುತ್ತಾರೆ. ಆದರೆ ಅವರ ಮಗ ಮಾತಾಡಿದರೆ ಎಲ್ಲ ಕೇಳಿಸುತ್ತದೆ. ನಾವು ಅವರ ಬಗ್ಗೆಯೇ ಮಾತಾಡುತ್ತೇವೆ ಅನ್ನುವ ಅನುಮಾನ ಬೇರೆ. ಮೊನ್ನೆ ಮಗಳಿಗೆ "ತಾತನ್ನ ಹಾಲು ಬೇಕಾ ಕೇಳು" ಎಂದೆ. "ಪಾಲು ಕೇಳೋಕೆ ಮಗುಗೆ ಈಗ್ಲೇ ಹೇಳ್ಕೊಡ್ತಿದ್ದೀಯಾ" ಎಂದು ಊಟ ಬಿಟ್ಟು ಎದ್ದು ಹೋದರು. ನಮ್ಮ ಯಜಮಾನರು "ಅದು ಜಾಣ ಕಿವುಡು, ತಲೆ ಕೆಡಿಸ್ಕೋಬೇಡ" ಅನ್ನುತ್ತಾರೆ. ಡಾಕ್ಟರಿಗೆ ಕಿವಿ ತೋರಿಸೋಣ ಎಂದರೆ ಮಾವ ಒಪ್ಪುವುದಿಲ್ಲ. ಇಂಥವರನ್ನು ಅರ್ಥ ಮಾಡಿಕೊಂಡು ಬಾಳುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ನಿಂತಿದ್ದು ಆ ಹಾಲು-ಪಾಲಿನ ಜಗಳದ ಹತ್ತಿರ. ಅದನ್ನು ಎರಡು ಸಲ ಓದಿದೆ. ಕಿವಿ ಪರೀಕ್ಷೆ ಮಾಡುವುದೇ ನನ್ನ ಕೆಲಸ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ಪರೀಕ್ಷೆ ಮಾಡದೆ ಯಾರ ಕಿವಿಯ ಬಗ್ಗೆಯೂ ಖಚಿತವಾಗಿ ಹೇಳಬಾರದು. ಆದರೂ ನೀವು ಬರೆದಿರುವ ಒಂದೊಂದು ಮಾತೂ ವಯಸ್ಸಿನ ಜೊತೆ ಬರುವ ಕಿವುಡಿನ ಕಡೆಗೇ ಕೈ ತೋರಿಸುತ್ತದೆ. ಅವರ ಸ್ವಭಾವದ ಮಾತು ಆಮೇಲೆ ಆಡೋಣ. ಮೊದಲು, ನಿಮ್ಮ ಮಾತು ಅವರಿಗೆ ಹೇಗೆ ತಲುಪುತ್ತಿದೆ ಅನ್ನುವುದನ್ನು ನೋಡೋಣ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಚಿಕ್ಕ ಭಾಗ ಇದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ಕೂದಲ ಕೋಶಗಳಿರುತ್ತವೆ. ಹುಟ್ಟುವಾಗ ಎಷ್ಟು ಬಂದವೋ ಅಷ್ಟೇ, ಸವೆದು ಹೋದವು ಮತ್ತೆ ಬೆಳೆಯುವುದಿಲ್ಲ. ಸದ್ದು ಒಳಗೆ ಬರುವ ಬಾಗಿಲ ಹತ್ತಿರ ಇರುವ ಕೋಶಗಳು ಸಣ್ಣ, ಕೀಚು ದನಿಗಳನ್ನು ಹಿಡಿಯುತ್ತವೆ. ಒಳಗಿನ ಸುತ್ತಿನವು ದಪ್ಪ ದನಿಗಳನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಹತ್ತಿರದವು. ಹಾಗಾಗಿ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನನ್ನ ಹತ್ತಿರ ಬರುವ ಹಿರಿಯರು ಹೆಚ್ಚುಕಮ್ಮಿ ಎಲ್ಲರೂ ಹೇಳುವುದು ಇದನ್ನೇ: "ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ ಕಣಮ್ಮ, ಏನು ಅಂತ ಗೊತ್ತಾಗಲ್ಲ."

ಈಗ ಒಂದು ಕೆಲಸ ಮಾಡಿ. ಹಾಲು, ಕಾಲು, ಪಾಲು, ಸಾಲು. ಬಾಯಿ ಬಿಟ್ಟು ಹೇಳಿ ನೋಡಿ. ನಾಲ್ಕರಲ್ಲೂ 'ಆಲು' ಒಂದೇ. ಅದು ದಪ್ಪಗೆ, ಜೋರಾಗಿ ಬರುತ್ತದೆ. ಬೇರೆಯಾಗುವುದು ಮೊದಲಲ್ಲಿ ಬರುವ ಒಂದು ಚಿಕ್ಕ ಉಸಿರು, ಒಂದು ತುಟಿಯ ಸದ್ದು, ಒಂದು ಸಣ್ಣ ಸೀಳು. ಸ, ಶ, ತ, ಕ, ಪ, ಹ ಇವೆಲ್ಲ ನಮ್ಮ ಮಾತಿನಲ್ಲಿ ತುಂಬಾ ಮೆತ್ತಗಿನ ಸದ್ದುಗಳು. ನಿಮ್ಮ ಮಾವನವರ ಕಿವಿಗೆ ಬಿದ್ದಿದ್ದು ಬಹುಶಃ "ತಾತನ್ನ –ಆಲು ಬೇ–ಆ –ಏಳು". ಅಷ್ಟರಲ್ಲಿ ಮಿಕ್ಕಿದ್ದನ್ನು ಮನಸ್ಸು ತುಂಬಿಕೊಳ್ಳಬೇಕು. ಮನಸ್ಸು ಯಾವಾಗಲೂ ಕೈಗೆ ಹತ್ತಿರ ಇರುವುದನ್ನೇ ತೆಗೆದು ತುಂಬುತ್ತದೆ. ನಿವೃತ್ತರಾದವರ ಮನಸ್ಸಿನಲ್ಲಿ ಮನೆ, ಜಮೀನು, ಮುಂದೆ ನನ್ನ ಗತಿ ಏನು ಅನ್ನುವುದು ಸುಳಿಯುತ್ತಲೇ ಇರುತ್ತದೆ ಅಲ್ವಾ? ಅಲ್ಲಿ ಪಾಲು ಕೈಗೆ ಸಿಕ್ಕಿತು. ನೀವು ಹಾಲು ಅಂದಿದ್ದು ಎಷ್ಟು ನಿಜವೋ ಅವರಿಗೆ ಪಾಲು ಕೇಳಿಸಿದ್ದೂ ಅಷ್ಟೇ ನಿಜ. ಆ ದಿನ ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ.

ಕನ್ನಡಕ್ಕೆ ಇನ್ನೊಂದು ಕಷ್ಟ ಇದೆ. ನಮ್ಮ ವಾಕ್ಯದ ಜೀವ ಇರುವುದು ಬಾಲದಲ್ಲಿ. "ನಾಳೆ ಡಾಕ್ಟರ್ ಹತ್ರ ಹೋಗ್ಬೇಕು", "ನಾಳೆ ಡಾಕ್ಟರ್ ಹತ್ರ ಹೋಗೋದು ಬೇಡ" – ಹೌದೋ ಅಲ್ಲವೋ ಅನ್ನುವುದು ಕೊನೆಯ ಪದಕ್ಕೆ ಬರುವ ತನಕ ಗೊತ್ತಾಗುವುದಿಲ್ಲ. ನಾವು ದನಿ ಇಳಿಸುವುದೂ ಸರಿಯಾಗಿ ಅಲ್ಲೇ. ಉಸಿರು ಮುಗಿದಿರುತ್ತದೆ, ಕಾಲು ಅಡುಗೆಮನೆ ಕಡೆ ತಿರುಗಿರುತ್ತದೆ, "ಬೇಡ" ಗಾಳಿಗೆ ಹೋಗುತ್ತದೆ. ಬೆಳಗ್ಗೆ ಅವರು ಅಂಗಿ ಇಸ್ತ್ರಿ ಮಾಡಿಸಿಕೊಂಡು ರೆಡಿಯಾಗಿ ಕೂತಿರುತ್ತಾರೆ. "ನಿನ್ನೆನೇ ಹೇಳಿದ್ನಲ್ಲ ಬೇಡ ಅಂತ" ಎಂದು ನಾವು ರೇಗುತ್ತೇವೆ. ಇಂಥದ್ದು ನಿಮ್ಮ ಮನೆಯಲ್ಲೂ ಆಗಿರಬಹುದು, ಒಮ್ಮೆ ನೆನಪು ಮಾಡಿಕೊಳ್ಳಿ.

ಇನ್ನು ಜಾಣ ಕಿವುಡು. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಕಿವಿ ತೋರಿಸುವುದು ವರ್ಷಗಟ್ಟಲೆ ತಡ ಆಗುವುದು ಈ ಒಂದು ಮಾತಿನಿಂದ. "ಬೇಕಾದ್ದು ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ" ಅನ್ನುವುದಕ್ಕೆ ಬೇರೆ ಕಾರಣಗಳಿವೆ. ನಿಮ್ಮ ಯಜಮಾನರ ದನಿ ದಪ್ಪ. ಆ ದಪ್ಪ ದನಿಯನ್ನು ಹಿಡಿಯುವ ಕೋಶಗಳು ಮಾವನವರಲ್ಲಿ ಇನ್ನೂ ಚೆನ್ನಾಗಿರಬಹುದು. ನಿಮ್ಮದು ಸಣ್ಣ ದನಿ, ಮಗಳದ್ದು ಇನ್ನೂ ಸಣ್ಣದು, ಮಕ್ಕಳು ಮಾತಾಡುವುದೂ ಪಟಪಟ. ಮಗ ಬಂದು ಎದುರು ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ನೀವು ಒಗ್ಗರಣೆ ಹಾಕುತ್ತಾ, ಬೆನ್ನು ತಿರುಗಿಸಿಕೊಂಡು, ಮೇಲೆ ಫ್ಯಾನು, ಪಕ್ಕದಲ್ಲಿ ನಲ್ಲಿ, ಮಧ್ಯೆ ಕುಕ್ಕರ್ ಸೀಟಿ, ಅಲ್ಲಿಂದ ಕೂಗುತ್ತೀರಿ. ಇದು ನಿಮ್ಮ ತಪ್ಪಲ್ಲ, ನಿಮ್ಮ ಕೆಲಸ ಇರುವ ಜಾಗ ಅದು. ಆದರೆ ನೀವು ಹೇಳುವ ಮಾತು ಅಷ್ಟು ಸದ್ದು ದಾಟಿ ಹೋಗಬೇಕು. ಇನ್ನೂ ಒಂದು ಇದೆ. "ಕಾಫಿ ಕುಡೀತೀರಾ" ಅನ್ನುವುದನ್ನು ಅರ್ಧ ಕೇಳಿದರೂ ತಿಳಿಯುತ್ತದೆ, ದಿನಾ ಅದೇ ಹೊತ್ತಿಗೆ ಬರುವ ಮಾತು. "ಗ್ಯಾಸ್ ಬುಕ್ ಮಾಡಿದ್ರಾ" ಅನ್ನುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರುತ್ತದೆ. ಕಾಫಿ ಮಾತ್ರ ಕೇಳಿಸುತ್ತೆ ಅಂತ ನಮಗೆ ಅನಿಸುವುದು ಹೀಗೆ. ಬೆಳಗ್ಗೆ ಚೆನ್ನಾಗಿ ಕೇಳುವವರು ಸಂಜೆ ಕೇಳುವುದಿಲ್ಲ, ಅದಕ್ಕೂ ಕಾರಣ ಇದೆ. ಮಾತು ಮಾತನ್ನೂ ಜೋಡಿಸಿಕೊಂಡು ಅರ್ಥ ಮಾಡಿಕೊಳ್ಳುವುದು ತಲೆಗೆ ದೊಡ್ಡ ದುಡಿಮೆ. ಹೊತ್ತು ಇಳಿಯುವಷ್ಟರಲ್ಲಿ ಸುಸ್ತಾಗಿರುತ್ತಾರೆ.

"ಮೆಲ್ಲಗೆ ಹೇಳಿದರೆ ಕೇಳಲ್ಲ, ಜೋರಾಗಿ ಹೇಳಿದರೆ ರೇಗ್ತಾರೆ" ಎಂದಿದ್ದೀರಿ. ಇದು ಹಟ ಅಲ್ಲ. ಈ ಥರ ಸವೆದ ಕಿವಿಯ ಗುಣವೇ ಅದು. ಮೆಲು ಸದ್ದು ಬಾಗಿಲಲ್ಲೇ ಬಿದ್ದು ಹೋಗುತ್ತದೆ, ಆದರೆ ಜೋರು ಸದ್ದು ಎಲ್ಲರಿಗೂ ನೋಯುವ ಮಟ್ಟದಲ್ಲೇ ಇವರಿಗೂ ನೋಯುತ್ತದೆ, ಕೆಲವರಿಗೆ ಅದಕ್ಕೂ ಮೊದಲೇ. ಕೇಳಿಸುವ ಮಟ್ಟಕ್ಕೂ ನೋಯುವ ಮಟ್ಟಕ್ಕೂ ನಡುವೆ ನಮಗೆ ಅಗಲ ರಸ್ತೆ ಇದೆ, ಅವರಿಗೆ ಇರುವುದು ಕಾಲುದಾರಿ. ನೀವು ದನಿ ಏರಿಸಿದಾಗ ಮುಖವೂ ಬಿಗಿಯಾಗುತ್ತದೆ, ಹುಬ್ಬು ಗಂಟಾಗುತ್ತದೆ. ಮಾತು ಸರಿಯಾಗಿ ಕೇಳಿಸದವರು ಮುಖವನ್ನೇ ಓದುವುದು. ಅಲ್ಲಿ ಅವರಿಗೆ ಕಾಣುವುದು ಸಿಟ್ಟು.

ಅನುಮಾನದ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಬರುವ ಮನೆಯವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ನೀವೂ ಮಾಡಿ, ನಿಮ್ಮ ಯಜಮಾನರ ಕೈಯಲ್ಲೂ ಮಾಡಿಸಿ. ಮೆಡಿಕಲ್ ಸ್ಟೋರಿನಲ್ಲಿ ಸ್ಪಂಜಿನಂಥ ಇಯರ್ ಪ್ಲಗ್ ಸಿಗುತ್ತದೆ. ಎರಡೂ ಕಿವಿಗೆ ಹಾಕಿಕೊಂಡು, ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಮನೆಯವರು ಎಂದಿನ ಹಾಗೇ ಮಾತಾಡಲಿ. ಒಬ್ಬ ಸೊಸೆ ಹೀಗೆ ಮಾಡಿ ಮುಂದಿನ ವಾರ ಬಂದರು. ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು: "ಅವರೆಲ್ಲ ನಕ್ಕರು ಮೇಡಂ. ಯಾಕೆ ಅಂತ ಗೊತ್ತಾಗಲಿಲ್ಲ. ನನ್ನನ್ನೇ ನೋಡಿ ನಗ್ತಿದ್ದಾರೆ ಅನಿಸ್ತು. ಪ್ಲಗ್ ಹಾಕಿರೋದು ನಾನೇ, ಗೊತ್ತಿದ್ರೂ ಹಾಗೇ ಅನಿಸ್ತು." ಅದು ಬರೀ ಅರ್ಧ ಗಂಟೆ. ನಿಮ್ಮ ಮಾವನವರು ಎರಡು ಮೂರು ವರ್ಷದಿಂದ ಹಾಗೆ ಊಟಕ್ಕೆ ಕೂರುತ್ತಿರಬಹುದು, ಅದೂ ಕಿವಿಗೆ ಏನೋ ಆಗಿದೆ ಅನ್ನುವುದು ತಮಗೇ ಗೊತ್ತಿಲ್ಲದೆ. ಇದು ತಟ್ಟನೆ ಬಂದಿದ್ದಲ್ಲ, ಇಷ್ಟಿಷ್ಟೇ ಬಂದಿದ್ದು. ಅವರ ಲೆಕ್ಕದಲ್ಲಿ ಅವರ ಕಿವಿ ಮೊದಲಿನ ಹಾಗೇ ಇದೆ, ಜನ ಈಗ ಗೊಣಗಲು ಶುರು ಮಾಡಿದ್ದಾರೆ. "ನನಗೇನೂ ಆಗಿಲ್ಲ" ಅನ್ನುವುದನ್ನು ಅವರು ನಂಬಿಯೇ ಹೇಳುತ್ತಿದ್ದಾರೆ.

ನಿಮ್ಮ ಕಷ್ಟವನ್ನೂ ನಾನು ಸಣ್ಣದು ಎಂದುಕೊಂಡಿಲ್ಲ. ದಿನಕ್ಕೆ ಹತ್ತು ಸಲ ಒಂದೇ ಮಾತನ್ನು ಹೇಳುವುದು, ಗಂಟಲು ಕಟ್ಟುವುದು, ಕೊನೆಗೆ ಮಾಡದ ತಪ್ಪಿಗೆ ಬೈಸಿಕೊಳ್ಳುವುದು. ಅದರ ಮೇಲೆ ಹೊಲಿಗೆಯ ಕೆಲಸ ಬೇರೆ. ನಿಮಗೆ ಸಿಟ್ಟು ಬರುವುದು ಸಹಜ. ಕೆಳಗಿನ ಕೆಲವು ಬದಲಾವಣೆಗಳನ್ನು ಮೊದಲು ನಿಮ್ಮ ಗಂಟಲಿಗಾಗಿ ಮಾಡಿಕೊಳ್ಳಿ.

ಬೇರೆ ಕೋಣೆಯಿಂದ ಕೂಗುವುದನ್ನು ಪೂರಾ ಬಿಡಿ. ಎದ್ದು ಹೋಗಿ ಎದುರು ನಿಂತು ಒಂದು ಸಲ ಹೇಳುವುದು, ಅಲ್ಲಿಂದಲೇ ನಾಲ್ಕು ಸಲ ಕೂಗುವುದಕ್ಕಿಂತ ಕಡಿಮೆ ಕೆಲಸ. ಒಂದು ಮಾರು ದೂರದಲ್ಲಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ನಿಲ್ಲಿ. ಕಿಟಕಿಗೆ ಬೆನ್ನು ಕೊಟ್ಟರೆ ಮುಖ ಕಪ್ಪಗೆ ಕಾಣುತ್ತದೆ, ತುಟಿ ಕಾಣುವುದಿಲ್ಲ. ಮೊದಲು "ಮಾವ" ಎಂದು ಕರೆದು ಅವರು ತಿರುಗುವ ತನಕ ಕಾಯಿರಿ. ಆಮೇಲೆ ವಿಷಯ ಯಾವುದು ಅಂತ ಹೇಳಿ: "ಮಾವ, ಗ್ಯಾಸ್ ವಿಷಯ." ಅದಾದ ಮೇಲೆ ಮಾತು. ವಿಷಯ ತಿಳಿದಿದ್ದರೆ ಬಿಟ್ಟುಹೋದ ಅಕ್ಷರಗಳನ್ನು ಮನಸ್ಸು ಸರಿಯಾಗಿ ತುಂಬಿಕೊಳ್ಳುತ್ತದೆ, ಪಾಲಿನ ಕಡೆ ಹೋಗುವುದಿಲ್ಲ. ದನಿ ಮಾಮೂಲಿಗಿಂತ ಸ್ವಲ್ಪವೇ ಜಾಸ್ತಿ ಇರಲಿ, ವೇಗ ಸ್ವಲ್ಪ ಕಡಿಮೆ. ಅಕ್ಷರ ಬಿಡಿಸಿ ಬಿಡಿಸಿ, ಮಗುವಿಗೆ ಹೇಳಿಕೊಡುವ ಹಾಗೆ ಹೇಳಬೇಡಿ, ಮೇಷ್ಟ್ರಾಗಿದ್ದವರಿಗೆ ಅದು ಚುಚ್ಚುತ್ತದೆ. ವಾಕ್ಯದ ಬಾಲವನ್ನು ಮಾತ್ರ ನುಂಗಬೇಡಿ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದೇ ಪದವನ್ನು ಇನ್ನೂ ಜೋರಾಗಿ ಹೇಳಿ ಪ್ರಯೋಜನ ಇಲ್ಲ, ಪದ ಬದಲಾಯಿಸಿ. "ಹಾಲು ಬೇಕಾ" ತಿಳಿಯಲಿಲ್ಲವೇ? ಲೋಟ ತೋರಿಸಿ "ಕುಡಿಯೋಕೆ ಕೊಡ್ಲಾ" ಅನ್ನಿ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ಅವರು "ಏನಂದೆ?" ಎಂದು ಎರಡನೇ ಸಲ ಕೇಳಿದಾಗ ನಮ್ಮ ಬಾಯಿಗೆ ಬರುವುದು "ಏನಿಲ್ಲ ಬಿಡಿ". ಸುಮ್ನೆ ಬೇಸರಕ್ಕೆ ಆಡುವ ಮಾತು ಅದು, ಅದರಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಕೇಳಿಸಿಕೊಂಡವರಿಗೆ ಅದು ಬೇರೆಯೇ ಆಗಿ ತಲುಪುತ್ತದೆ: ನಿಮಗೆ ಹೇಳುವಂಥದ್ದಲ್ಲ, ನೀವು ಈ ಮಾತಿನ ಹೊರಗೆ. ಕಿವಿ ಕೇಳದ ಹಿರಿಯರನ್ನು "ಯಾವುದು ಜಾಸ್ತಿ ನೋವು ಕೊಡುತ್ತೆ" ಎಂದು ಕೇಳಿದರೆ ತುಂಬಾ ಜನ ಹೇಳುವುದು ಈ ಎರಡು ಪದವನ್ನೇ. ಎಷ್ಟು ಚಿಲ್ಲರೆ ವಿಷಯವಾದರೂ ಸರಿ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದೇ ಆಗಲಿ, ಇನ್ನೊಮ್ಮೆ ಹೇಳಿ. ಮಗಳಿಗೂ ಇದನ್ನೇ ಕಲಿಸಿ. ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ, ಎಷ್ಟೋ ಸಲ ದೊಡ್ಡವರಿಗಿಂತ ಚೆನ್ನಾಗಿ.

ಅವರ ಕಡೆಯಿಂದಲೂ ಒಂದು ಆಗಬೇಕು. ಕೇಳದಿದ್ದಾಗ ಹೂಂ ಹೂಂ ಎಂದು ತಲೆ ಆಡಿಸುವ ಅಭ್ಯಾಸ ಇದ್ದರೆ ಅದನ್ನು ಬಿಡಬೇಕು. ಮಾತ್ರೆ ಊಟಕ್ಕೆ ಮುಂಚೆಯೋ ಆದಮೇಲೋ ಅನ್ನುವಂಥದ್ದಕ್ಕೆ ಸುಳ್ಳು ಹೂಂ ಅಪಾಯ. ಮಾತ್ರೆ, ದುಡ್ಡು, ಹೊತ್ತು, ತಾರೀಖು, ಈ ನಾಲ್ಕನ್ನು ಬರೆದು ಕೊಡುವ ಪದ್ಧತಿ ಇಟ್ಟುಕೊಳ್ಳಿ.

ಈಗ ಪರೀಕ್ಷೆಗೆ ಒಪ್ಪಿಸುವುದು. "ನಿಮಗೆ ಕಿವಿ ಕೇಳಲ್ಲ" ಎಂದು ಶುರು ಮಾಡಬೇಡಿ. ಕಿವುಡ ಅನ್ನುವುದನ್ನು ನಾವು ಬೈಗುಳವಾಗಿ ಬಳಸುತ್ತೇವೆ. ಕನ್ನಡಕಕ್ಕೆ ಇಲ್ಲದ ನಾಚಿಕೆ ಕಿವಿಯ ಯಂತ್ರಕ್ಕೆ ಇರುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷ ಇದೆ. ಅಂದಮೇಲೆ ನಿಮ್ಮ ಮಾವನವರ ಜೊತೆ ಕೆಲಸ ಮಾಡಿದ ಮೇಷ್ಟ್ರುಗಳಲ್ಲೂ ಒಬ್ಬಿಬ್ಬರಿಗೆ ಇರಲೇಬೇಕು. ಯಂತ್ರ ಹಾಕಿಕೊಂಡು ಚೆನ್ನಾಗಿರುವವರು ಯಾರಾದರೂ ಗೊತ್ತಿದ್ದರೆ ಮನೆಗೆ ಕಾಫಿಗೆ ಕರೆಯಿರಿ. ನೀವು ಹತ್ತು ಸಲ ಹೇಳಿದ್ದಕ್ಕಿಂತ ಅದು ಕೆಲಸ ಮಾಡುತ್ತದೆ. ಇಲ್ಲವೇ ಅವರನ್ನೇ ಕೇಳಿ: ಮೊಮ್ಮಗಳು ಹೇಳುವುದು ಪೂರಾ ತಿಳಿಯುತ್ತದೆಯೇ, ಅವಳ ಜೊತೆ ಇನ್ನೂ ಸಲೀಸಾಗಿ ಮಾತಾಡುವ ಹಾಗಾದರೆ ಹೇಗೆ ಎಂದು. ಪಾಠ ಹೇಳಿದವರಿಗೆ ಮಗುವಿನ ಮಾತು ತಪ್ಪಿಹೋಗುವುದು ಸಣ್ಣ ವಿಷಯ ಅಲ್ಲ.

ಮೊದಲು ಇಎನ್‌ಟಿ ಡಾಕ್ಟರನ್ನು ನೋಡಿ. ಎಷ್ಟೋ ಸಲ ಗುಗ್ಗೆ ಕಟ್ಟಿಕೊಂಡೇ ಕಿವಿ ಮಂದ ಆಗಿರುತ್ತದೆ, ತೆಗೆಸಿದರೆ ಅಲ್ಲಿಗೆ ಮುಗಿಯಿತು. ಹೇರ್‌ಪಿನ್, ಬಡ್ಸ್, ಕಾಯಿಸಿದ ಎಣ್ಣೆ ಯಾವುದೂ ಬೇಡ. ಬಡ್ಸ್ ಗುಗ್ಗೆಯನ್ನು ಇನ್ನೂ ಒಳಗೆ ತಳ್ಳುತ್ತದೆ. ಒಂದು ಎಚ್ಚರಿಕೆ: ಒಂದೆರಡು ದಿನದಲ್ಲಿ ತಟ್ಟನೆ ಕಿವಿ ಕೇಳದಂತಾದರೆ, ಅದರಲ್ಲೂ ಒಂದೇ ಕಿವಿ, ಜೊತೆಗೆ ತಲೆ ಸುತ್ತು ಇದ್ದರೆ, ಅದು ವಯಸ್ಸಿನದ್ದಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು, ದಿನ ಕಳೆದಷ್ಟೂ ಕೇಳುವ ಶಕ್ತಿ ಮರಳುವ ಆಸೆ ಕಡಿಮೆ.

ಆಮೇಲೆ ಶ್ರವಣ ಪರೀಕ್ಷೆ. ಸದ್ದು ಬರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಡುತ್ತಾರೆ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು, ಅಷ್ಟೇ. ನೋವಿಲ್ಲ, ಸೂಜಿ ಇಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ಹಾಸನದಲ್ಲೇ ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಮೊದಲು ವಿಚಾರಿಸಿ. ಮೈಸೂರಿಗೆ ಹೋಗುವುದಾದರೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಜನ ಆಯಿಷ್ ಅಂತಲೇ ಕರೆಯುತ್ತಾರೆ. ಕೇಂದ್ರ ಸರ್ಕಾರದ್ದು, ಈ ಕೆಲಸಕ್ಕೆಂದೇ ಇರುವುದು.

ಯಂತ್ರ ಬೇಕು ಎಂದು ಹೇಳಿದರೆ ಪರೀಕ್ಷೆಯ ವರದಿಗೆ ತಕ್ಕಂತೆ ಕೂರಿಸಿದ್ದನ್ನೇ ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವ ಸದ್ದು ಹೆಚ್ಚಿಸುವ ಡಬ್ಬಿ ಬೇಡ. ಅದು ಕುಕ್ಕರ್ ಸೀಟಿಯನ್ನೂ ನಿಮ್ಮ ಮಾತನ್ನೂ ಒಂದೇ ಸಮ ಏರಿಸುತ್ತದೆ, ಎರಡೇ ದಿನಕ್ಕೆ ಡ್ರಾಯರ್ ಸೇರುತ್ತದೆ. ಆಮೇಲೆ ಒಳ್ಳೆಯ ಯಂತ್ರವನ್ನೂ ಅವರು ಮುಟ್ಟುವುದಿಲ್ಲ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಯಂತ್ರ ಉಚಿತವಾಗಿ ಸಿಗುತ್ತದೆ. ನಿಮಗೆ ಅನ್ವಯಿಸದಿದ್ದರೂ ಊರಿನಲ್ಲಿ ಬೇಕಾದವರಿಗೆ ತಿಳಿಸಿ.

ಮೊದಲ ವಾರ ಕಷ್ಟ, ಇದನ್ನು ಮೊದಲೇ ಹೇಳಿಡಿ. ಪೇಪರ್ ಮಗುಚುವ ಸದ್ದು, ಪಾತ್ರೆ ಇಡುವ ಸದ್ದು, ತಮ್ಮದೇ ಚಪ್ಪಲಿಯ ಸದ್ದು, ವರ್ಷಗಳಿಂದ ಕೇಳದೇ ಇದ್ದದ್ದೆಲ್ಲ ಒಟ್ಟಿಗೆ ನುಗ್ಗುತ್ತದೆ. ತಲೆ ಬಿಸಿಯಾಗಿ ತೆಗೆದಿಡುತ್ತಾರೆ. ತೆಗೆಯಲಿ, ಬೈಯಬೇಡಿ. ಮನೆಯಲ್ಲಿ ಗದ್ದಲ ಇಲ್ಲದ ಹೊತ್ತು ನೋಡಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ, ಒಬ್ಬರೇ ಎದುರು ಕೂತು ಮಾತಾಡಿ. ಹಾಗೇ ಹೆಚ್ಚಿಸುತ್ತಾ ಹೋಗಿ. ಮದುವೆ ಮನೆಗೆ ಮೊದಲ ದಿನವೇ ಹಾಕಿಸಿಕೊಂಡು ಹೋಗಬೇಡಿ. ಕೂರಿಸಿದವರ ಹತ್ತಿರ ಮತ್ತೆ ಎರಡು ಮೂರು ಸಲ ಹೋಗಿ ಸರಿ ಮಾಡಿಸಿಕೊಳ್ಳಬೇಕಾಗುತ್ತದೆ, ಅದು ಯಂತ್ರದ ದೋಷ ಅಲ್ಲ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಬೇಕು. ಸ್ನಾನಕ್ಕೆ, ತಲೆಗೆ ಎಣ್ಣೆ ಹಚ್ಚುವಾಗ ತೆಗೆದಿಡಲಿ. ಮಳೆಗಾಲದಲ್ಲಿ ರಾತ್ರಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ. ಹದಿನೆಂಟರ ಹುಡುಗನ ಕಿವಿ ಅವರಿಗೆ ವಾಪಸ್ ಬರುವುದಿಲ್ಲ. ಯಂತ್ರ ಬಂದ ಮೇಲೂ ಎದುರು ನಿಂತೇ ಮಾತಾಡಬೇಕು.

ತಡ ಮಾಡಬೇಡಿ ಎಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಕೇಳದವರು ಮೆಲ್ಲಗೆ ಜನರಿಂದ ದೂರ ಸರಿಯುತ್ತಾರೆ. ಮರೆಗುಳಿತನಕ್ಕೆ ದಾರಿ ಮಾಡಿಕೊಡುವ, ಆದರೆ ನಾವು ಸರಿಪಡಿಸಬಹುದಾದ ಕಾರಣಗಳ ಪಟ್ಟಿಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2017ರಿಂದಲೂ ಶ್ರವಣದೋಷವನ್ನು ಸೇರಿಸಿದೆ. ಕೇಳಿಸದೆ ತಪ್ಪು ಉತ್ತರ ಕೊಟ್ಟವರನ್ನು "ಮರೆವು ಶುರುವಾಗಿದೆ" ಎಂದುಕೊಳ್ಳುವುದೂ ಉಂಟು. ಬರೆದು ತೋರಿಸಿದಾಗಲೂ ಗೊಂದಲ ಆಗುತ್ತಿದ್ದರೆ, ದಾರಿ ತಪ್ಪುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಪರೀಕ್ಷೆಗೆ ಹೋಗುವಾಗ ನಿಮ್ಮ ಯಜಮಾನರನ್ನು ಕರೆದುಕೊಂಡೇ ಹೋಗಿ. ವರದಿ ಒಂದು ಹಾಳೆಯಲ್ಲಿ ಬರುತ್ತದೆ, ಚೌಕಳಿಯ ಮೇಲೆ ಎರಡು ಗೆರೆ, ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ. ಹಾಳೆಯ ಎಡಗಡೆ ದಪ್ಪ ದನಿ, ಬಲಗಡೆ ಸಣ್ಣ ದನಿ. ಗೆರೆ ಕೆಳಗೆ ಇಳಿದಷ್ಟೂ ಕೇಳುವುದು ಕಡಿಮೆ ಎಂದು ಅರ್ಥ. ವಯಸ್ಸಿನ ಕಿವುಡಾದರೆ ಗೆರೆ ಎಡದಲ್ಲಿ ಮೇಲಿದ್ದು ಬಲಕ್ಕೆ ಹೋಗುತ್ತಾ ಇಳಿಜಾರಾಗುತ್ತದೆ. ಮಗನ ದನಿ ಹೆಚ್ಚು ಬೀಳುವುದು ಎಲ್ಲಿ, ಸೊಸೆಯ ದನಿ, ಮೊಮ್ಮಗಳ ದನಿ, ಹಾಲಿನ 'ಹ' ಬೀಳುವುದು ಎಲ್ಲಿ ಎಂದು ಪರೀಕ್ಷೆ ಮಾಡಿದವರನ್ನು ಕೇಳಿ. ಅವರು ಪೆನ್ನಿನಲ್ಲಿ ಗುರುತು ಮಾಡಿ ತೋರಿಸುತ್ತಾರೆ. ಆ ಹಾಳೆಯನ್ನು ನಿಮ್ಮ ಯಜಮಾನರ ಕೈಗೇ ಕೊಡಿ.